ಹಿಂದಿನ ಗಾಜಿನ ಮಂಜು

ಮುಂದೆ ನೋಡಿ ನಡೆಯಬೇಕೆಂದು ಹಿರಿಯರು ನಮಗೆ ಬಾಲ್ಯದಿಂದಲೂ ಬುದ್ಧಿ ಹೇಳುತ್ತ ಬಂದಿದ್ದಾರೆ. ಹಿಂದೆ ನೋಡಿ ನಡೆಯಬೇಕಾದ ಪ್ರಸಂಗವೂ ಉಂಟೆಂದು ಅವರು ಹೇಳಲಿಲ್ಲ. ಅವರ ಕಾಲದ ಎತ್ತಿನ ಗಾಡಿಗೆ ಹಿಂದಕ್ಕೆ ಓಡುವ ಅಭ್ಯಾಸವಿರಲಿಲ್ಲ. ಕಾರನ್ನು ಕೊಂಡ ಗೃಹಸ್ಥನಾದರೋ ದಿನಕ್ಕೆ ನಾಲ್ಕು ಸಲವಾದರೂ ಹಿಮ್ಮುಖವಾಗಿ ಚಲಿಸಲೇಬೇಕು. ಆಗೆಲ್ಲ ಅವನ ಬೆನ್ನಿಗೆ ಕಣ್ಣಾಗಿರುವುದು ಕಾರಿನ ಹಿಂದಿನ ಗಾಜು. ಆ ಕಣ್ಣಿಗೆ ಪೊರೆ ಬಂದರೆ ಏನಾದೀತೆಂಬುದನ್ನು ಕಳೆದ ಆಷಾಢದಲ್ಲಿ ನಾನು ಅರಿತುಕೊಂಡೆ. ಅದು ಅರಿಯಬೇಕಾದ ರೀತಿಯೇನೂ ಆಗಿರಲಿಲ್ಲ.

ನಮ್ಮಾಕೆಯ ತವರುಮನೆ ಸಕಲೇಶಪುರದಿಂದಾಚೆಯ ಒಂದು ಹಳ್ಳಿಯಲ್ಲಿದೆ. ಆಷಾಢದಲ್ಲಿ ಆ ಸೀಮೆಗೆ ಹೋದವರು ಸೂರ್ಯನನ್ನು ಕಾಣಲೆಂದು ಹೋಗುವುದಿಲ್ಲ. ಎರಡು ದಿನ ಇದ್ದು, ಭಾನುವಾರ ಬೆಳಿಗ್ಗೆ ಬೆಂಗಳೂರಿಗೆ ಹೊರಟೆವು. ನಾನು, ನಮ್ಮಾಕೆ, ಕಾಲೇಜಿನಲ್ಲಿ ಓದುತ್ತಿರುವ ಮಗಳು, ನನ್ನ ತಾಯಿಯವರು, ಹೀಗೆ ನಾಲ್ವರು. ಜೊತೆಗೆ ನೀರು ಸೋರುವ ನಾಲ್ಕು ಕೊಡೆಗಳು, ಒಣಗದ ಬಟ್ಟೆಯ ಒಂದು ಗಂಟು. ಎಲ್ಲರೂ ಒಳಗೆ ಕುಳಿತು ಬಾಗಿಲು ಮುಚ್ಚಿದ ಎರಡು ನಿಮಿಷದಲ್ಲಿ ಹಿಂದಿನ ಗಾಜು ಹಾಲು ಬಳಿದಂತೆ ಬೆಳ್ಳಗಾಯಿತು.

ನನಗೇನೂ ಗಾಬರಿಯಾಗಲಿಲ್ಲ. ಹಿಂದಿನ ಗಾಜಿನ ಮೇಲೆ ತೆಳುವಾದ ಅಡ್ಡಗೆರೆಗಳಿರುವುದನ್ನು ತಾವು ನೋಡಿರಬಹುದು. ಗುಂಡಿಯೊತ್ತಿದರೆ ಆ ಗೆರೆಗಳು ಬಿಸಿಯಾಗಿ ಗಾಜಿನ ಮಂಜು ಕರಗುತ್ತದೆ. ಡಿಫಾಗರ್ ಎಂದು ಅದರ ಹೆಸರು. ಗುಂಡಿಯೊತ್ತಿದೆ, ಕಿತ್ತಳೆ ಬಣ್ಣದ ಪುಟ್ಟ ದೀಪವೂ ಹೊತ್ತಿತು. ದೀಪ ಹೊತ್ತಿತಲ್ಲ, ಇನ್ನು ಗಾಜು ತಾನಾಗಿ ತಿಳಿಯಾದೀತೆಂದು ನಂಬಿ, ಹಿಂದೆ ಯಾರೂ ಇರಲಾರರೆಂದು ಊಹಿಸಿ, ಅಂಗಳದ ಇಳಿಜಾರಿನಲ್ಲಿ ಕಾರನ್ನು ಹಿಂದಕ್ಕೆ ಬಿಟ್ಟೆ.

“ಅಪ್ಪಾ, ನಿಲ್ಸಿ! ಅಜ್ಜ! ಅಜ್ಜ!”

ಮಗಳು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು. ಬ್ರೇಕಿನ ಮೇಲೆ ನನ್ನ ಕಾಲು ಹೇಗೆ ಬಿದ್ದಿತೋ ನಾನರಿಯೆ. ಇಳಿದು ನೋಡಿದರೆ ಕಾರಿಗೂ ಮಾವನವರಿಗೂ ನಡುವೆ ಒಂದು ಮೊಳದ ಅಂತರ. ಅವರಿಗೆ ಎಂಬತ್ತು ದಾಟಿದೆ, ಕಿವಿ ಮಂದ. ಗೊರಬಿನ ಕೆಳಗೆ ಒಂದು ಡಬ್ಬಿಯನ್ನು ಎದೆಗವಚಿಕೊಂಡು ನಿಂತಿದ್ದರು. ಏನಾಗುವುದರಲ್ಲಿತ್ತೆಂಬುದು ಅವರಿಗೆ ತಿಳಿದೇ ಇರಲಿಲ್ಲ. “ಹಲಸಿನ ಹಪ್ಪಳ ಮರೆತೇ ಹೊರಟಿದ್ರಲ್ಲ” ಎಂದು ನಗುತ್ತ ಡಬ್ಬಿಯನ್ನು ಡಿಕ್ಕಿಯೊಳಗಿಟ್ಟರು.

ಹಾಸನ ದಾಟುವವರೆಗೂ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ.

* * *

ಮಂಜು ಎಲ್ಲಿಂದ ಬರುತ್ತದೆ? ಇಡ್ಲಿಯ ಪಾತ್ರೆಯ ಮುಚ್ಚಳ ತೆಗೆದೊಡನೆ ಕನ್ನಡಕ ಮಸುಕಾಗುವುದನ್ನು ಗೃಹಿಣಿಯರೆಲ್ಲ ಬಲ್ಲರು. ಗಾಳಿಯಲ್ಲಿ ಕಾಣದಂತೆ ಬೆರೆತಿರುವ ನೀರಿನ ಆವಿಯು ತಣ್ಣನೆಯ ಮೈಗೆ ತಾಗಿದರೆ ಅಲ್ಲಿಯೇ ಹನಿಗಟ್ಟುತ್ತದೆ. ಮಳೆಯ ದಿನ ಕಾರಿನೊಳಗೆ ನಾಲ್ವರ ಉಸಿರು, ಒದ್ದೆ ಕೊಡೆ, ಒದ್ದೆ ಬಟ್ಟೆ ಸೇರಿ ಬೇಕಾದಷ್ಟು ಆವಿಯನ್ನು ಒದಗಿಸುತ್ತವೆ. ಹೊರಗಿನ ಮಳೆಯು ಗಾಜನ್ನು ತಣ್ಣಗಿಡುತ್ತದೆ. ಮುಂದಿನ ಗಾಜಿಗಾದರೆ ಬ್ಲೋವರಿನ ಗಾಳಿಯನ್ನು ನೇರವಾಗಿ ಹಾಯಿಸಬಹುದು. ಹಿಂದಿನ ಗಾಜಿಗೆ ಆ ಗಾಳಿ ಚೆನ್ನಾಗಿ ತಲುಪದು. ಆದುದರಿಂದಲೇ ಅದನ್ನು ವಿದ್ಯುತ್ತಿನಿಂದ ಬೆಚ್ಚಗೆ ಮಾಡುವ ಏರ್ಪಾಡು.

ಆ ಗೆರೆಗಳು ಬರಿಯ ಬಣ್ಣವಲ್ಲ. ಬೆಳ್ಳಿಯ ಪುಡಿ ಬೆರೆತ ಲೇಪವನ್ನು ಗಾಜಿನ ಒಳಮೈಯಲ್ಲಿ ಅಚ್ಚೊತ್ತಿ, ಗಾಜನ್ನು ಕಾಯಿಸಿ ಹದಗೊಳಿಸುವಾಗಲೇ ಅದರೊಡನೆ ಬೇಯಿಸಿರುತ್ತಾರೆ. ಗಾಜಿನ ಎರಡು ಅಂಚುಗಳಲ್ಲಿ ನಿಲುವಾಗಿ ಎರಡು ಅಗಲವಾದ ಪಟ್ಟಿಗಳಿರುತ್ತವೆ. ಏಣಿಯ ಕಾಲುಗಳ ನಡುವೆ ಮೆಟ್ಟಿಲುಗಳಿರುವಂತೆ ಅವುಗಳ ನಡುವೆ ಗೆರೆಗಳಿರುತ್ತವೆ. ಒಂದು ಪಟ್ಟಿಗೆ ಬ್ಯಾಟರಿಯ 12 ವೋಲ್ಟಿನ ವಿದ್ಯುತ್ತು ಬರುತ್ತದೆ. ಇನ್ನೊಂದು ಪಟ್ಟಿ ಕಾರಿನ ಲೋಹದ ಮೈಗೆ ಸೇರಿರುತ್ತದೆ. 12 ಆಂಪಿಯರ್ ಹರಿದರೆ 144 ವಾಟಿನ ಶಾಖ. ಎಂದರೆ ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ 60 ವಾಟಿನ ಎರಡು ಬಲ್ಬುಗಳಿಗಿಂತ ತುಸು ಹೆಚ್ಚು. ಗಾಜನ್ನು ಬೆಚ್ಚಗಾಗಿಸಲು ಅಷ್ಟು ಸಾಕು.

ಇಷ್ಟು ಸರಳವಾದ ಏರ್ಪಾಡು ಕೆಟ್ಟರೆ ದುರಸ್ತಿಯೂ ಸರಳವಾಗಿರಬೇಕಲ್ಲವೆ? ನಾನು ಮೊದಲು ಹೋದ ಗ್ಯಾರೇಜಿನವರು ಹಾಗೆ ಎಣಿಸಲಿಲ್ಲ. ಗಾಜನ್ನು ಒಮ್ಮೆ ಮುಟ್ಟಿ, “ಗೆರೆಯೂ ಗಾಜೂ ಒಂದೇ ಸಾರ್, ರಿಪೇರಿ ಆಗೋದಿಲ್ಲ. ಪೂರ್ತಿ ಗಾಜು ಬದಲಾಯಿಸಬೇಕು” ಎಂದರು. ಅವರು ಹೇಳಿದ ಮೊತ್ತದಲ್ಲಿ ನಮ್ಮ ಮನೆಗೆ ತಿಂಗಳ ದಿನಸಿ ಬಂದು, ಮೇಲೆ ಹಾಲಿನ ಲೆಕ್ಕವೂ ತೀರುತ್ತಿತ್ತು. ಆದರೂ, ಅಂಗಳದ ಆ ಒಂದು ಮೊಳ ನೆನಪಾಗಿ, ಕೊಟ್ಟುಬಿಡೋಣವೆಂದೇ ನಿಶ್ಚಯಿಸಿದೆ.

ತಡೆದವಳು ಮಗಳು. “ಕೆಟ್ಟಿರೋದು ಗಾಜೇ ಅಂತ ಅವರಿಗೆ ಹೇಗೆ ಗೊತ್ತಾಯ್ತು ಅಪ್ಪಾ? ಏನನ್ನೂ ಅಳೆದು ನೋಡಲೇ ಇಲ್ಲವಲ್ಲ” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

* * *

ನಮ್ಮ ಬಡಾವಣೆಯ ತಿರುವಿನಲ್ಲಿ ವಾಹನಗಳ ವಿದ್ಯುತ್ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಮೇಸ್ತ್ರಿ ಎಂದೇ ಕರೆಯುವುದು. ದೀಪ ಹೊತ್ತಿದರೂ ಗಾಜು ಬಿಸಿಯಾಗದ ಸಂಗತಿಯನ್ನು ಅವರಿಗೆ ತಿಳಿಸಿದೆ. ಅವರು ನಕ್ಕು, “ಸ್ವಾಮಿ, ತಾವು ಆಫೀಸಿನಲ್ಲಿ ಕೆಲಸ ಮಾಡೋರು. ಆರ್ಡರ್ ಹೊರಡ್ತು ಅಂದ್ರೆ ಕೆಲಸ ಆಯ್ತು ಅಂತ ಅರ್ಥವೇ?” ಎಂದರು.

ಅನೇಕ ಕಾರುಗಳಲ್ಲಿ ಆ ದೀಪದ ಅರ್ಥವೇ ಅಷ್ಟು: ಆಜ್ಞೆ ಹೊರಟಿದೆ. ಗುಂಡಿಯೊತ್ತಿದಾಗ ಅಲ್ಪ ಪ್ರಮಾಣದ ವಿದ್ಯುತ್ತು ರಿಲೇ ಎಂಬ ಪೆಟ್ಟಿಗೆಗೆ ಹೋಗಿ ಅದನ್ನು ಎಚ್ಚರಿಸುತ್ತದೆ; ದೀಪವೂ ಆಗಲೇ ಹೊತ್ತುತ್ತದೆ. ನಿಜವಾದ 12 ಆಂಪಿಯರ್ ಹರಿಯುವುದು ಬೇರೊಂದು ದಾರಿಯಲ್ಲಿ; ಬ್ಯಾಟರಿಯಿಂದ ಫ್ಯೂಸಿಗೆ, ಫ್ಯೂಸಿನಿಂದ ರಿಲೇಗೆ, ಅಲ್ಲಿಂದ ತಂತಿಯ ಮೂಲಕ ಗಾಜಿಗೆ, ಗಾಜಿನಿಂದ ಕಾರಿನ ಮೈಗೆ. ಈ ದಾರಿಯಲ್ಲಿ ಎಲ್ಲಿ ಸೇತುವೆ ಮುರಿದಿದ್ದರೂ ದೀಪಕ್ಕೆ ಅದರ ಸುಳಿವಿಲ್ಲ.

“ಕರೆಂಟು ಹೊರಟ ಕಡೆಯಿಂದ ಅದರ ಹಿಂದೆಯೇ ಹೋಗೋಣ. ಎಲ್ಲಿ ಸಿಗದೆ ಹೋಗುತ್ತೋ ಅಲ್ಲಿ ರೋಗ” ಎಂದು ಮೇಸ್ತ್ರಿ ಮಲ್ಟಿಮೀಟರನ್ನು ಮಗಳ ಕೈಗೇ ಕೊಟ್ಟರು. ಇಂಜಿನ್ ಓಡುತ್ತಿರಬೇಕು, ಡಿಫಾಗರಿನ ಗುಂಡಿ ಒತ್ತಿರಬೇಕು. ಅನೇಕ ಕಾರುಗಳಲ್ಲಿ ಅದು ಹತ್ತು ಹದಿನೈದು ನಿಮಿಷಕ್ಕೆ ತಾನಾಗಿ ಆರಿಹೋಗುವುದರಿಂದ ನಡುನಡುವೆ ಮತ್ತೆ ಒತ್ತುತ್ತಿರಬೇಕು. ಮೀಟರಿನ ಕಪ್ಪು ತಂತಿಯನ್ನು ಕಾರಿನ ಮೈಯ ಬಣ್ಣವಿಲ್ಲದ ಲೋಹಕ್ಕೆ ಹಿಡಿದು, ಕೆಂಪು ತಂತಿಯಿಂದ ಒಂದೊಂದೇ ನೆಲೆಯನ್ನು ಮುಟ್ಟಿ ನೋಡುವುದು.

ಮೊದಲು ಫ್ಯೂಸು. ಕಣ್ಣಿಗೆ ಸರಿಯಾಗಿ ಕಂಡರೆ ಸಾಲದು. ಅದರ ಎರಡು ತುದಿಗಳಲ್ಲಿಯೂ ವಿದ್ಯುತ್ತಿರಬೇಕು. ಇತ್ತು. ಎರಡನೆಯದು ರಿಲೇ. ಗುಂಡಿಯೊತ್ತಿದಾಗ ಒಳಗೆ ಟಿಕ್ ಎಂದಿತು, ಹೊರದಾರಿಯಲ್ಲಿಯೂ ವಿದ್ಯುತ್ತಿತ್ತು. ಮೂರನೆಯದು ಗಾಜಿನ ಅಂಚಿನಲ್ಲಿ ತಂತಿ ಬಂದು ಸೇರುವ ಲೋಹದ ನಾಲಗೆ. ಅಲ್ಲಿ ಮೀಟರು ಸೊನ್ನೆ ತೋರಿಸಿತು. ಗಾಜಿಗೆ ವಿದ್ಯುತ್ತೇ ಬರುತ್ತಿಲ್ಲ! ಬಾರದ ವಿದ್ಯುತ್ತಿಗೆ ಗಾಜನ್ನು ಬದಲಾಯಿಸಿದ್ದರೆ ಹೊಸ ಗಾಜೂ ಹಳೆಯದರಂತೆಯೇ ತಣ್ಣಗೆ ಕುಳಿತಿರುತ್ತಿತ್ತು.

ರಿಲೇಗೂ ಗಾಜಿಗೂ ನಡುವೆ ಮೇಸ್ತ್ರಿಯ ಕೈ ನೇರವಾಗಿ ಹೋದದ್ದು ಡಿಕ್ಕಿಯ ಬಾಗಿಲಿನ ಮೇಲ್ಭಾಗಕ್ಕೆ. ನಮ್ಮದು ಹಿಂದಿನ ಬಾಗಿಲು ಗಾಜಿನ ಸಮೇತ ಮೇಲಕ್ಕೇಳುವ ಕಾರು. ಅಲ್ಲಿ ಕಾರಿನ ಮೈಯಿಂದ ಬಾಗಿಲಿಗೆ ತಂತಿಗಳು ಒಂದು ರಬ್ಬರಿನ ಕೊಳವೆಯೊಳಗೆ ಹಾದುಹೋಗುತ್ತವೆ. ಬಾಗಿಲು ತೆರೆದಾಗಲೆಲ್ಲ ಅವು ಬಾಗುತ್ತವೆ, ಮುಚ್ಚಿದಾಗಲೆಲ್ಲ ನೆಟ್ಟಗಾಗುತ್ತವೆ. ವರ್ಷಗಟ್ಟಲೆ ಹೀಗೆ ಬಾಗಿದ ತಂತಿಯ ಗತಿ, ಹಿಂದುಮುಂದಾಗಿ ಬಗ್ಗಿಸಿದ ತಗಡಿನ ಗತಿಯೇ. ಕೊಳವೆಯನ್ನು ಸರಿಸಿದಾಗ ಹೊರಗಿನ ಹೊದಿಕೆ ಸರಿಯಾಗಿಯೇ ಕಂಡಿತು. ಮೇಸ್ತ್ರಿ ಮೆಲ್ಲಗೆ ಎಳೆದರು. ತಂತಿ ಎರಡಾಗಿ ಕೈಗೆ ಬಂದಿತು. ಒಳಗಿನ ತಾಮ್ರ ಹಸಿರುಗಟ್ಟಿತ್ತು.

ದುರಸ್ತಿಗೆ ಮುನ್ನ ಬ್ಯಾಟರಿಯ ಸಂಪರ್ಕ ಕಳಚಿದರು. ದುರಸ್ತಿಯಲ್ಲಿ ಅವರು ಎರಡು ನಿಯಮ ಹೇಳಿದರು. ಮೊದಲನೆಯದು, ಹೊಸ ತಂತಿ ಹಳೆಯದರಷ್ಟೇ ದಪ್ಪವಿರಬೇಕು. ತೆಳು ತಂತಿ ಹಾಕಿದರೆ ಗಾಜಿನ ಬದಲು ತಂತಿಯೇ ಕಾಯುತ್ತದೆ. ಎರಡನೆಯದು, ಬೆಸುಗೆಯ ಗಂಟು ಬಾಗುವ ಸ್ಥಳದಲ್ಲಿ ಬರಕೂಡದು; ಬಂದರೆ ಗಂಟಿನ ಪಕ್ಕದಲ್ಲಿಯೇ ಮತ್ತೆ ಮುರಿಯುತ್ತದೆ. ಆದಕಾರಣ ತಂತಿಯನ್ನು ಎರಡೂ ಕಡೆ ಹೆಚ್ಚಾಗಿ ಕತ್ತರಿಸಿ, ನಡುವೆ ಹೊಸ ತುಂಡು ಸೇರಿಸಿ, ಗಂಟುಗಳು ಕೊಳವೆಯಿಂದ ಹೊರಗೆ ಬರುವಂತೆ ಬೆಸೆದರು. ಫ್ಯೂಸು ಪದೇ ಪದೇ ಸುಡುತ್ತಿದ್ದರೆ ದೊಡ್ಡ ಫ್ಯೂಸು ಹಾಕುವ ದುರ್ಬುದ್ಧಿ ಯಾರಿಗೂ ಬೇಡವೆಂದೂ ಎಚ್ಚರಿಸಿದರು. ಎಲ್ಲಿಯೋ ತಂತಿ ಉಜ್ಜಿ ಕಾರಿನ ಮೈಗೆ ತಾಗುತ್ತಿದೆಯೆಂದು ಆ ಫ್ಯೂಸು ಹೇಳುತ್ತಿರುತ್ತದೆ; ಅದರ ಬಾಯಿ ಮುಚ್ಚಿಸಿದರೆ ಮುಂದಿನ ಮಾತು ಬೆಂಕಿಯದು.

* * *

ಗಾಜು ಬೆಚ್ಚಗಾಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೇಸ್ತ್ರಿ ನಮ್ಮಿಬ್ಬರಿಗೂ ಡಿಕ್ಕಿಯೊಳಗೆ ಬಾಗಿ ಗಾಜಿನ ಮೇಲೆ ಚೆನ್ನಾಗಿ ಉಸಿರು ಬಿಡುವಂತೆ ಹೇಳಿದರು. ಇದು ಕಾಸಿಲ್ಲದ ಪರೀಕ್ಷೆ. ಯಾರು ಬೇಕಾದರೂ ಮಾಡಬಹುದು. ಸರಿಯಾದ ಗೆರೆಯ ಸುತ್ತಲಿನ ಮಂಜು ಮೊದಲು ಕರಗುತ್ತದೆ, ಕೆಟ್ಟ ಗೆರೆಯ ಬಳಿ ಹಾಗೆಯೇ ಉಳಿಯುತ್ತದೆ. ಗೆರೆಗಳು ಏಣಿಯ ಮೆಟ್ಟಿಲುಗಳಂತೆ ಬೇರೆ ಬೇರೆಯಾಗಿರುವುದರಿಂದ ಒಂದು ಕಡಿದರೆ ಉಳಿದವು ನಿಲ್ಲುವುದಿಲ್ಲ. ಆದಕಾರಣ ಇದನ್ನೊಂದು ಸೂತ್ರವಾಗಿಯೇ ಹಿಡಿಯಬಹುದು: ಎಲ್ಲ ಗೆರೆಗಳೂ ಸತ್ತಿದ್ದರೆ ದೋಷವು ಸಾಮಾನ್ಯವಾಗಿ ದಾರಿಯಲ್ಲಿರುತ್ತದೆ, ಒಂದೆರಡು ಸತ್ತಿದ್ದರೆ ಗಾಜಿನ ಮೇಲೆಯೇ ಇರುತ್ತದೆ.

ನಮ್ಮ ಗಾಜಿನಲ್ಲಿ ಸತ್ತವು ಮೇಲಿನಿಂದ ಮೂರನೆಯದು ಮತ್ತು ನಾಲ್ಕನೆಯದು. ಸರಿಯಾಗಿ ಕನ್ನಡಿಯಲ್ಲಿ ನನ್ನ ದೃಷ್ಟಿ ಬೀಳುವ ಎತ್ತರದಲ್ಲಿ. ಕಾರಣ ತಿಳಿಯಲು ತಡವಾಗಲಿಲ್ಲ. ಕಾರು 2011ರದು, ನಾವು ಕೊಂಡದ್ದು ಎರಡನೆಯ ಕೈಯಲ್ಲಿ. 2012ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾರಿನ ಗಾಜುಗಳಿಗೆ ಕಪ್ಪು ಫಿಲಂ ಅಂಟಿಸುವುದನ್ನು ನಿಷೇಧಿಸಿದಾಗ ದೇಶದಲ್ಲೆಲ್ಲ ಜನ ಅದನ್ನು ಕಿತ್ತು ತೆಗೆದರು. ನಮ್ಮ ಹಿಂದಿನ ಮಾಲೀಕರು ಉಳಿದ ಅಂಟನ್ನು ಬ್ಲೇಡಿನಿಂದ ಕೆರೆದಿದ್ದರು. ಅಂಟಿನೊಡನೆ ಬೆಳ್ಳಿಯೂ ಹೋಗಿತ್ತು.

ಗೆರೆ ಕಡಿದಿರುವ ಬಿಂದುವನ್ನು ಹುಡುಕುವ ಉಪಾಯ ಸೊಗಸಾದದ್ದು. ಮೀಟರಿನ ಕೆಂಪು ಮೊನೆ ಗೆರೆಯನ್ನು ಗೀರದಂತೆ ಅದಕ್ಕೆ ಅಡಿಗೆಮನೆಯ ಅಲ್ಯೂಮಿನಿಯಂ ಹಾಳೆಯ ಚೂರನ್ನು ಸುತ್ತಬೇಕು. ಒಳ್ಳೆಯ ಗೆರೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸುತ್ತ ಹೋದರೆ ಅಂಕಿ 12ರಿಂದ ಮೆಲ್ಲಮೆಲ್ಲಗೆ ಇಳಿದು, ನಡುವೆ ಸುಮಾರು 6ಕ್ಕೆ ಬಂದು, ಕೊನೆಗೆ ಸೊನ್ನೆಯ ಬಳಿ ನಿಲ್ಲುತ್ತದೆ. ಕಡಿದ ಗೆರೆಯಲ್ಲಿ ಹಾಗಲ್ಲ. ಕಡಿದ ಸ್ಥಳದವರೆಗೆ 12, ಅದನ್ನು ದಾಟಿದೊಡನೆ ಸೊನ್ನೆ. ಇಂಜಿನ್ ಓಡುತ್ತಿರುವಾಗ ಅಂಕಿಗಳು ಒಂದೆರಡು ಹೆಚ್ಚಾಗಿರಬಹುದು; ಆದರೆ ಹಠಾತ್ತನೆ ಬೀಳುವುದೆಲ್ಲಿ ಎಂಬುದೇ ಮುಖ್ಯ. ಮಗಳು ಎರಡು ಬಿರುಕುಗಳನ್ನೂ ಐದೇ ನಿಮಿಷದಲ್ಲಿ ಹಿಡಿದು, ಗಾಜಿನ ಹೊರಗಡೆ ಕುಂಕುಮದ ಚುಕ್ಕೆಯಿಟ್ಟಳು.

ಬಿರುಕನ್ನು ಮುಚ್ಚಲು ಬೆಳ್ಳಿ ಬೆರೆತ ವಿದ್ಯುತ್ವಾಹಕ ಬಣ್ಣ ಪುಟ್ಟ ಸೀಸೆಯಲ್ಲಿ ದೊರೆಯುತ್ತದೆ. ಗೇಟಿಗೆ ಬಳಿಯುವ ಬೆಳ್ಳಿ ಬಣ್ಣ ಇದಲ್ಲ. ಅದು ನೋಡಲು ಬೆಳ್ಳಿಯೇ ಹೊರತು ವಿದ್ಯುತ್ತನ್ನು ಹಾಯಿಸುವುದಿಲ್ಲ. ಗಾಜು ತಣ್ಣಗಿರುವಾಗ ಆ ಜಾಗವನ್ನು ಸ್ಪಿರಿಟಿನಿಂದ ಒರೆಸಿ ಆರಿಸಬೇಕು. ಗೆರೆಯ ಮೇಲೊಂದು, ಕೆಳಗೊಂದು ಮಾಸ್ಕಿಂಗ್ ಟೇಪು ಅಂಟಿಸಿ, ನಡುವೆ ಗೆರೆಯ ಅಗಲದಷ್ಟು ಮಾತ್ರ ತೆರವು ಬಿಡಬೇಕು. ಸೀಸೆಯನ್ನು ಚೆನ್ನಾಗಿ ಅಲುಗಾಡಿಸಿ, ಬಿರುಕಿನ ಎರಡು ಕಡೆಯ ಒಳ್ಳೆಯ ಗೆರೆಯ ಮೇಲೂ ಕೆಲವು ಮಿಲಿಮೀಟರಿನಷ್ಟು ಬರುವಂತೆ ಕುಂಚದಿಂದ ಬಳಿಯಬೇಕು. ಒಂದು ಪದರ ಆರಿದ ಮೇಲೆ ಇನ್ನೊಂದು. ಎರಡು ಮೂರು ಪದರ ಸಾಕು. ಟೇಪನ್ನು ಮೆಲ್ಲಗೆ ಬಿಡಿಸಿ, ಒಂದು ಹಗಲು ಒಂದು ರಾತ್ರಿ ಡಿಫಾಗರನ್ನು ಹಾಕದಿರುವುದು ಕ್ಷೇಮ. ಬಿರುಕು ಚಿಕ್ಕದಾದರೆ ಮಾತ್ರ ಈ ಚಿಕಿತ್ಸೆ. ಗೇಣುದ್ದ ಗೆರೆಯೇ ಮಾಯವಾಗಿದ್ದರೆ ಫಲ ಕಡಿಮೆ.

ಕೆಲವು ಕಾರುಗಳಲ್ಲಿ ಪಟ್ಟಿಗೆ ಅಂಟಿರುವ ಲೋಹದ ನಾಲಗೆಯೇ ಕಳಚಿಬರುವುದುಂಟು. ಅದನ್ನು ಮನೆಯಲ್ಲಿ ಕಾಯಿಸಿ ಬೆಸೆಯಲು ಹೊರಡಬೇಡಿ. ಹದಗೊಳಿಸಿದ ಗಾಜು ಒಂದೆಡೆ ಅತಿಯಾಗಿ ಕಾದರೆ ಸಾವಿರ ಚೂರಾಗಬಹುದು. ಆ ಕೆಲಸ ಪಳಗಿದ ಕೈಗೇ ಇರಲಿ. ಗಾಜಿನ ಇನ್ನೊಂದು ಪಟ್ಟಿ ಕಾರಿನ ಮೈಗೆ ಸೇರುವ ತಿರುಪನ್ನೂ ಮರೆಯಬೇಡಿ. ಅಲ್ಲಿ ತುಕ್ಕು ಹಿಡಿದಿದ್ದರೆ ವಿದ್ಯುತ್ತು ಬಂದರೂ ಮರಳಲು ದಾರಿಯಿಲ್ಲದೆ ಗೆರೆಗಳು ತಣ್ಣಗೇ ಇರುತ್ತವೆ. ಉಜ್ಜಿ ಬಿಗಿದರೆ ಸರಿಹೋಗುತ್ತದೆ.

ಮರುದಿನ ಸಂಜೆ ಮತ್ತೆ ಉಸಿರಿನ ಪರೀಕ್ಷೆ ನಡೆಯಿತು. ಎಲ್ಲ ಗೆರೆಗಳೂ ಒಂದೇ ಸಮನೆ ತಿಳಿಯಾದವು. ಮೇಸ್ತ್ರಿಯ ಕೂಲಿ ಮತ್ತು ಬೆಳ್ಳಿ ಬಣ್ಣ ಎರಡೂ ಸೇರಿ ಗ್ಯಾರೇಜಿನವರು ಕೇಳಿದ ಮೊತ್ತದ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ.

ಇನ್ನು ಮುಂದೆ ಗೆರೆಗಳನ್ನು ಕಾಪಾಡುವುದು ಮನೆಯವರ ಕೆಲಸ. ಗಾಜಿನ ಒಳಮೈಯನ್ನು ಮೆತ್ತನೆಯ ಬಟ್ಟೆಯಿಂದ, ಗೆರೆಗಳುದ್ದಕ್ಕೂ ಒರೆಸಬೇಕು, ಅಡ್ಡಕ್ಕೆ ತಿಕ್ಕಬಾರದು. ಗೆರೆಯ ಮೇಲೆ ಮಕ್ಕಳು ಚಿತ್ರ ಅಂಟಿಸದಂತೆ ನೋಡಿಕೊಳ್ಳಬೇಕು. ಅಂಟಿಸುವುದರಿಂದ ಕೆಡುವುದಕ್ಕಿಂತ ಕೀಳುವುದರಿಂದ ಹೆಚ್ಚು ಕೆಡುತ್ತದೆ. ಡಿಕ್ಕಿಯಲ್ಲಿ ಸಾಮಾನನ್ನು ಗಾಜಿಗೆ ತಾಗುವಂತೆ ಪೇರಿಸಬಾರದು. ಮಳೆಯಲ್ಲಿ ಕೊಡೆಗಳನ್ನು ಕೊಡವಿ ಚೀಲಕ್ಕೆ ಹಾಕಿ, ಎ.ಸಿ.ಯನ್ನು ಹಾಕಿ, ಹೊರಗಿನ ಗಾಳಿ ಒಳಬರುವಂತೆ ಗುಂಡಿ ತಿರುಗಿಸಿದರೆ ಮಂಜು ಕಟ್ಟುವುದೇ ಕಡಿಮೆಯಾಗುತ್ತದೆ.

* * *

ಶ್ರಾವಣದಲ್ಲಿ ಮತ್ತೆ ಆ ಊರಿಗೆ ಹೋಗಿದ್ದೆವು. ಹೊರಡುವ ದಿನ ಅದೇ ಅಂಗಳ, ಅದೇ ಮಳೆ, ಅದೇ ಒದ್ದೆ ಕೊಡೆಗಳು. ಗುಂಡಿಯೊತ್ತಿದೆ; ದೀಪ ಹೊತ್ತಿತು. ಈ ಸಲ ದೀಪವನ್ನು ನಂಬಲಿಲ್ಲ. ಕನ್ನಡಿಯಲ್ಲಿ ಗಾಜನ್ನೇ ನೋಡುತ್ತ ಕುಳಿತೆ. ಮಂಜಿನಲ್ಲಿ ಮೊದಲು ತೆಳುವಾದ ಗೆರೆಗಳು ಮೂಡಿದವು. ಅವು ಅಗಲವಾಗುತ್ತ ಒಂದನ್ನೊಂದು ಸೇರಿದವು. ಕೆಲವು ನಿಮಿಷಗಳಲ್ಲಿ ಅಂಗಳ, ತುಳಸಿಕಟ್ಟೆ, ಅದರಾಚೆಯ ಕಾಫಿ ಗಿಡಗಳು ಎಲ್ಲವೂ ಕಂಡವು. ಹಿಂದೆ ಯಾರೂ ಇರಲಿಲ್ಲ.

ಆದರೂ ಬಾಗಿಲು ತೆರೆದು ಇಳಿದೆ. ಗಾಜಿನ ಕೆಳಗೆ ಕುಳಿತ ಮಗುವನ್ನಾಗಲಿ, ಪಕ್ಕದಿಂದ ನಡೆದು ಬರುವ ಮುದುಕರನ್ನಾಗಲಿ ಎಷ್ಟು ತಿಳಿಯಾದ ಗಾಜೂ ತೋರಿಸಲಾರದು. ಕಾರಿನ ಹಿಂದೆ ಒಂದು ಸುತ್ತು ಬಂದೆ. ಮಾವನವರು ಜಗಲಿಯ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದರು.

“ಮತ್ತೆ ಏನು ಮರೆತ್ರಿ?” ಎಂದು ಕೇಳಿದರು.

“ಈ ಸಲ ಏನೂ ಮರೆತಿಲ್ಲ ಮಾವ” ಎಂದೆ.

ಅವರಿಗೆ ಕೇಳಿಸಿತೋ ಇಲ್ಲವೋ. ಹಪ್ಪಳದ ಡಬ್ಬಿ ತರಲು ಎದ್ದು ಒಳಗೆ ಹೋದರು. ಅವರು ಬಂದು, ಡಬ್ಬಿಯನ್ನಿಟ್ಟು, ಮತ್ತೆ ಜಗಲಿಯ ಮೇಲೆ ಹೋಗಿ ಕುಳಿತುಕೊಳ್ಳುವವರೆಗೆ ನಾನು ಇಂಜಿನ್ ನಿಲ್ಲಿಸಿ ಕಾದೆ.